ಪಿಕಪ್ ಗಾಡಿಗೆ ಬಿಡಿಭಾಗಗಳನ್ನು ಸೇರಿಸುವ ವಿದ್ಯೆ



ವಾಶಿಯ ಸಗಟು ಮಾರುಕಟ್ಟೆಯಿಂದ ತರಕಾರಿಯನ್ನೂ ಹಣ್ಣುಹಂಪಲನ್ನೂ ಹೊತ್ತು ಬೆಳಗಿನ ಜಾವದಲ್ಲಿ ಮುಂಬಯಿಯ ಬೀದಿಗಳಿಗೆ ಬರುವ ಪಿಕಪ್ ಗಾಡಿಗಳನ್ನು ನೀವೆಲ್ಲರೂ ಕಂಡಿದ್ದೀರಿ. ಮುಂದುಗಡೆ ಇಬ್ಬರು ಮೂವರು ಕುಳಿತುಕೊಳ್ಳುವಷ್ಟು ಚಾಲಕನ ಕೋಣೆ, ಹಿಂದುಗಡೆ ಸರಕು ತುಂಬುವ ತೆರೆದ ತೊಟ್ಟಿ. ಇಷ್ಟೇ ಅದರ ಆಕಾರ. ನಿಮ್ಮಲ್ಲಿ ಕೆಲವರ ಮನೆಯ ಹಿರಿಯರು ಇಂತಹ ಗಾಡಿಯನ್ನು ನಡೆಸಿಯೇ ಸಂಸಾರವನ್ನು ಸಾಗಿಸುತ್ತಿರಬಹುದು.

ಅವರ ಅನುಮತಿ ಪಡೆದು ಒಮ್ಮೆ ಗಾಡಿಯ ಒಳಗೆ ಕುಳಿತು ಮುಂದಿನ ಫಲಕವನ್ನು ಗಮನಿಸಿರಿ. ಸ್ವಿಚ್ಚುಗಳ ಸಾಲಿನಲ್ಲಿ ಯಾವ ಗುರುತೂ ಇಲ್ಲದ ಒಂದೆರಡು ಚೌಕಗಳು ಕಾಣುತ್ತವೆ. ಒತ್ತಿದರೆ ಅವು ಅಲುಗುವುದಿಲ್ಲ. ಅವು ಸ್ವಿಚ್ಚುಗಳಲ್ಲ, ಸ್ವಿಚ್ಚು ಇರಬಹುದಾಗಿದ್ದ ಜಾಗಕ್ಕೆ ಹಾಕಿದ ಮುಚ್ಚಳಗಳು. ಮುಂದಿನ ಬಂಪರಿನ ಎರಡು ತುದಿಗಳಲ್ಲಿಯೂ ದೀಪವಿಲ್ಲದ ದುಂಡನೆಯ ಗುಳಿಗಳಿರಬಹುದು. ಇವು ಅಲ್ಲಿಗೆ ಏಕೆ ಬಂದವು? ಅವುಗಳನ್ನು ತುಂಬುವ ಸರಿಯಾದ ಕ್ರಮ ಯಾವುದು? ತಪ್ಪು ಕ್ರಮದಿಂದ ಒದಗುವ ಹಾನಿ ಎಂತಹುದು? ಇವನ್ನು ತಿಳಿಯುವುದೇ ಪ್ರಕೃತ ಲೇಖನದ ಉದ್ದೇಶ.

1. ಅರ್ಧ ಗಾಡಿಯ ಪೂರ್ವಕಥೆ

ಇಂದು ನಾವು ಪೂರ್ಣವಾದ ಗಾಡಿಯನ್ನು ಅಂಗಡಿಯಿಂದಲೇ ತರುತ್ತೇವೆ. ಆದರೆ ಸರಕು ವಾಹನದ ಇತಿಹಾಸ ಪ್ರಾರಂಭವಾದುದು ಅಪೂರ್ಣವಾದ ಗಾಡಿಯಿಂದ. ಅಮೆರಿಕದ ಫೋರ್ಡ್ ಕಂಪನಿಯು 1917ರಲ್ಲಿ ‘ಮಾಡೆಲ್ ಟಿಟಿ’ ಎಂಬ ಒಂದು ಟನ್ನಿನ ಗಾಡಿಯನ್ನು ಹೊರತಂದಿತು. ಕೊಂಡವನಿಗೆ ಮೊದಮೊದಲು ದೊರೆಯುತ್ತಿದ್ದುದು ಚಾಸಿ ಮತ್ತು ಎಂಜಿನ್ನು ಮಾತ್ರ. ಕೋಣೆಯನ್ನೂ ತೊಟ್ಟಿಯನ್ನೂ ಬೇರೆ ಕಡೆ ಮಾಡಿಸಿಕೊಳ್ಳಬೇಕಾಗಿತ್ತು. ಸಾಮಾನ್ಯ ಮೋಟಾರು ಕಾರನ್ನು ಕೊಂಡ ರೈತರು ಅದರ ಹಿಂಭಾಗವನ್ನು ತೆಗೆದು ಮರದ ಪೆಟ್ಟಿಗೆಯನ್ನು ಕೂಡಿಸಿಕೊಳ್ಳುತ್ತಿದ್ದುದೂ ಉಂಟು. ಇದನ್ನು ಗಮನಿಸಿದ ಕಂಪನಿಯು 1925ರಲ್ಲಿ ಉಕ್ಕಿನ ತೊಟ್ಟಿಯನ್ನು ಕಾರಖಾನೆಯಲ್ಲಿಯೇ ಜೋಡಿಸಿ, 281 ಡಾಲರುಗಳಿಗೆ ಒಂದು ಪಿಕಪ್ ಗಾಡಿಯನ್ನು ಮಾರತೊಡಗಿತು. ಜನರು ತಾವೇ ಸೇರಿಸಿಕೊಳ್ಳುತ್ತಿದ್ದ ಭಾಗವು ಹೀಗೆ ಕಾರಖಾನೆಯ ಭಾಗವಾಯಿತು.

ಬಹುಕಾಲದವರೆಗೆ ರೇಡಿಯೋ, ಚಳಿ ಕಾಯಿಸುವ ಹೀಟರ್, ಹಿಂದಿನ ಬಂಪರ್ ಮೊದಲಾದವುಗಳಿಗೆ ಅಮೆರಿಕದ ಪಿಕಪ್ ಗಾಡಿಗಳಲ್ಲಿ ಪ್ರತ್ಯೇಕ ಬೆಲೆ ತೆರಬೇಕಾಗಿತ್ತು. ನಿನ್ನೆಯ ಅನುಕೂಲವು ನಾಳಿನ ಅವಶ್ಯಕತೆಯಾಗುವುದೇ ಯಂತ್ರಗಳ ಚರಿತ್ರೆ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂದೆ ಸರಿಯುವಾಗ ಎಚ್ಚರಿಸುವ ಸೆನ್ಸರು ಕಡ್ಡಾಯವಾಯಿತು. ಈಗ ಹೊಸದಾಗಿ ತಯಾರಾಗುವ, ಒಟ್ಟು ತೂಕ 3.5 ಟನ್ನಿಗೆ ಮೇಲ್ಪಟ್ಟ ಸರಕು ವಾಹನಗಳ ಚಾಲಕನ ಕೋಣೆಗೆ ಹವಾನಿಯಂತ್ರಣವು ಕಡ್ಡಾಯವಾಗಿದೆ. ನಮ್ಮ ಬೀದಿಯ ಪಿಕಪ್ ಗಾಡಿಗಳು ಬಹುಮಟ್ಟಿಗೆ ಈ ತೂಕದ ಮಿತಿಗೆ ಕೆಳಗಿರುವುದರಿಂದ, ಅವುಗಳಲ್ಲಿ ಅದು ಇಂದಿಗೂ ಕೊಳ್ಳುವವನ ಇಷ್ಟಕ್ಕೆ ಬಿಟ್ಟ ವಿಷಯವಾಗಿದೆ.

2. ಖಾಲಿ ಜಾಗಗಳು ಉಳಿಯುವುದೇಕೆ?

ಒಂದೇ ಗಾಡಿಯನ್ನು ಕಾರಖಾನೆಯವರು ಎರಡು ಮೂರು ದರ್ಜೆಗಳಲ್ಲಿ ತಯಾರಿಸುತ್ತಾರೆ. ಕಡಿಮೆ ಬೆಲೆಯದಕ್ಕೆ ‘ಬೇಸ್ ಮಾಡೆಲ್’ ಎಂದೂ ಎಲ್ಲ ಅನುಕೂಲಗಳಿರುವುದಕ್ಕೆ ‘ಟಾಪ್ ಮಾಡೆಲ್’ ಎಂದೂ ಜನರು ಕರೆಯುತ್ತಾರೆ. ಪ್ರತಿಯೊಂದು ದರ್ಜೆಗೂ ಬೇರೆ ಬೇರೆ ಅಚ್ಚನ್ನು ಮಾಡಿಸುವುದು ಬಹಳ ವೆಚ್ಚದ ಕೆಲಸ. ಆದುದರಿಂದ ಫಲಕ, ಬಾಗಿಲು, ಬಂಪರು ಇವೆಲ್ಲ ಒಂದೇ ಅಚ್ಚಿನಲ್ಲಿ ತಯಾರಾಗುತ್ತವೆ. ಮೇಲಿನ ದರ್ಜೆಯಲ್ಲಿ ಸ್ವಿಚ್ಚು ಕೂಡುವ ಜಾಗದಲ್ಲಿ ಕೆಳಗಿನ ದರ್ಜೆಗೆ ಮುಚ್ಚಳ ಬೀಳುತ್ತದೆ. ಅನೇಕ ಗಾಡಿಗಳಲ್ಲಿ ತಂತಿಗಳ ಕಟ್ಟು ಕೂಡ ಒಂದೇ ಆಗಿರುತ್ತದೆ.

ಆದುದರಿಂದ ಹೊಸ ಭಾಗವನ್ನು ಸೇರಿಸಬಯಸುವವನು ಮೊದಲು ಗಾಡಿಯನ್ನು ಪುಸ್ತಕದಂತೆ ಓದಬೇಕು. ಓದಬೇಕಾದ ಗುರುತುಗಳು ನಾಲ್ಕು:

ಒಂದು, ಮುಚ್ಚಳ ಹಾಕಿದ ಜಾಗ.
ಎರಡು, ತಿರುಪು ಕೂಡಿಸಲು ಮೊದಲೇ ಮಾಡಿಟ್ಟ ರಂಧ್ರ.
ಮೂರು, ಯಾವ ಉಪಕರಣಕ್ಕೂ ಜೋಡಿಸದೆ, ಟೇಪು ಸುತ್ತಿ ಬಿಟ್ಟಿರುವ ತಂತಿಯ ಕಪ್ಲರು.
ನಾಲ್ಕು, ಫ್ಯೂಸು ಪೆಟ್ಟಿಗೆಯಲ್ಲಿ ಹೆಸರಿದ್ದು ಫ್ಯೂಸಿಲ್ಲದ ಮನೆ.

ಈ ನಾಲ್ಕೂ ಇದ್ದರೆ, ಆ ಭಾಗವನ್ನು ಸೇರಿಸಲು ಕಾರಖಾನೆಯವನೇ ಹಾದಿ ಮಾಡಿಟ್ಟಿದ್ದಾನೆ ಎಂದು ತಿಳಿಯಬಹುದು. ಹಾಗೆಂದು ಕಪ್ಲರು ಕಂಡ ಮಾತ್ರಕ್ಕೆ ನಂಬಬಾರದು. ಅದರೊಳಗೆ ತಂತಿ ಇದೆಯೇ, ತಂತಿಯಲ್ಲಿ ವಿದ್ಯುತ್ತು ಬರುತ್ತದೆಯೇ ಎಂಬುದನ್ನು ಮೀಟರಿನಿಂದ ಅಳೆದು ನೋಡಬೇಕು. ಒಂದೂ ಇಲ್ಲದಿದ್ದರೆ, ಸೇರಿಸುವ ಕೆಲಸದ ಹೊಣೆಯೆಲ್ಲವೂ ನಮ್ಮದೇ ಆಗುತ್ತದೆ. ಇರುವ ಹಾದಿಯನ್ನು ಬಿಟ್ಟು ಹೊಸ ತಂತಿ ಎಳೆಯುವುದು, ಇರುವ ರಂಧ್ರವನ್ನು ಬಿಟ್ಟು ಹೊಸ ರಂಧ್ರ ಕೊರೆಯುವುದು, ಇವೆರಡೇ ಮುಂದಿನ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮೂಲವೆಂದು ಹೇಳಬಹುದು.

3. ಹೊದಿಕೆಯ ಭಾಗಗಳು

ಬಾಗಿಲಿನ ಒಳಹೊದಿಕೆ, ನೆಲದ ಚಾಪೆ, ರಬ್ಬರಿನ ಬೀಡಿಂಗು, ಚಕ್ರದ ಹಿಂದಿನ ಕೆಸರುತಡೆ ಇವು ಈ ವರ್ಗಕ್ಕೆ ಸೇರಿದವು. ಇವು ಬರಿಯ ಅಂದಕ್ಕೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ.

ಬಾಗಿಲನ್ನೇ ತೆಗೆದುಕೊಳ್ಳಿರಿ. ಮಳೆಯಲ್ಲಿ ಗಾಜಿನ ಮೇಲಿಂದ ಇಳಿಯುವ ನೀರಿನಲ್ಲಿ ಸ್ವಲ್ಪವು ಬಾಗಿಲಿನೊಳಕ್ಕೆ ಹೋಗಿಯೇ ಹೋಗುತ್ತದೆ. ಅದು ಹೊರಹೋಗಲೆಂದು ಬಾಗಿಲಿನ ತಳದಲ್ಲಿ ಕಿರಿದಾದ ರಂಧ್ರಗಳಿವೆ. ಒಳಹೊದಿಕೆಯ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯು ಆ ನೀರನ್ನು ಕೋಣೆಯ ಕಡೆಗೆ ಬಿಡದೆ ಕೆಳಕ್ಕೆ ಇಳಿಸುತ್ತದೆ. ಹೊಸ ಹೊದಿಕೆಯನ್ನೋ ಸ್ಪೀಕರನ್ನೋ ಕೂಡಿಸುವಾಗ ಈ ಹಾಳೆಯನ್ನು ಹರಿದು ಎಸೆದರೆ, ಜೂನಿನಿಂದ ಸೆಪ್ಟೆಂಬರಿನವರೆಗೆ ನೀರು ಕೋಣೆಯೊಳಕ್ಕೆ ಜಿನುಗಿ, ಚಾಪೆಯ ಅಡಿಯಲ್ಲಿ ನಿಂತು, ನೆಲದ ತಗಡನ್ನು ತುಕ್ಕು ಹಿಡಿಸುತ್ತದೆ. ಮೇಲೆ ಹೊಸ ಹೊದಿಕೆ ಹೊಳೆಯುತ್ತಿರುವಾಗಲೇ ಕೆಳಗೆ ನೆಲವು ಸವೆಯುತ್ತಿರುತ್ತದೆ.

ಸರಕಿನ ತೊಟ್ಟಿಗೆ ಹಾಸುವ ಪ್ಲಾಸ್ಟಿಕ್ ಹಾಸಿನ ವಿಷಯವೂ ಇದೇ. ಅದು ಪೆಟ್ಟಿಗೆಗಳು ಉಜ್ಜಿ ಬಣ್ಣ ಹೋಗದಂತೆ ಕಾಯುತ್ತದೆ. ಆದರೆ ಅಡಿಯಲ್ಲಿ ನೀರು ಸಿಕ್ಕಿಕೊಂಡರೆ ತುಕ್ಕಿಗೆ ಅದೇ ಆಶ್ರಯವಾಗುತ್ತದೆ. ಆದುದರಿಂದ ಆಗಾಗ ಎತ್ತಿ ಒಣಗಿಸಬೇಕು.

ರಂಧ್ರ ಕೊರೆಯುವುದು ಅನಿವಾರ್ಯವಾದರೆ ಮೂರು ನಿಯಮಗಳನ್ನು ಪಾಲಿಸಬೇಕು. ಕೊರೆಯುವ ಮೊದಲು ತಗಡಿನ ಹಿಂದೆ ತಂತಿಯಾಗಲಿ ಎಣ್ಣೆಯ ಕೊಳವೆಯಾಗಲಿ ಇಲ್ಲವೆಂದು ನೋಡಿಕೊಳ್ಳಬೇಕು. ಕೊರೆದ ಕೂಡಲೆ ಅಂಚನ್ನು ಉಜ್ಜಿ ನಯಮಾಡಿ, ತುಕ್ಕುನಿರೋಧಕ ಬಣ್ಣವನ್ನು ಬಳಿಯಬೇಕು. ಆ ರಂಧ್ರದಲ್ಲಿ ತಂತಿ ಹಾಯುವುದಾದರೆ ರಬ್ಬರಿನ ಬಳೆಯನ್ನು ತೊಡಿಸಬೇಕು. ಗಾಡಿ ಅಲುಗುವಾಗಲೆಲ್ಲ ತಗಡಿನ ಅಂಚು ತಂತಿಯ ಮೇಲ್ಪದರವನ್ನು ಗರಗಸದಂತೆ ಕೊಯ್ಯುತ್ತದೆ. ಒಂದು ದಿನ ತಾಮ್ರವು ತಗಡಿಗೆ ತಗಲುತ್ತದೆ.

4. ವಿದ್ಯುತ್ತಿನ ಭಾಗಗಳು: ಒಂದು ಲೆಕ್ಕ

ಮಳೆಗಾಲದಲ್ಲಿ ಖಂಡಾಳಾ ಘಟ್ಟವನ್ನು ಹತ್ತುವ ಚಾಲಕನಿಗೆ ಮಂಜುದೀಪಗಳು ಬೇಕೆನಿಸುವುದು ಸಹಜ. ಬಂಪರಿನ ಗುಳಿಗಳಲ್ಲಿ ತಲಾ 55 ವ್ಯಾಟಿನ ಎರಡು ದೀಪಗಳನ್ನು ಕೂಡಿಸಬೇಕೆಂದಿಟ್ಟುಕೊಳ್ಳೋಣ. ಗಾಡಿಯ ಬ್ಯಾಟರಿ 12 ವೋಲ್ಟಿನದು. ಭೌತವಿಜ್ಞಾನದ ತರಗತಿಯಲ್ಲಿ ಕಲಿತ ಸೂತ್ರವನ್ನು ಜ್ಞಾಪಿಸಿಕೊಳ್ಳಿರಿ:

ಪ್ರವಾಹ = ಸಾಮರ್ಥ್ಯ ÷ ವೋಲ್ಟೇಜು
110 ÷ 12 = ಸುಮಾರು 9.2 ಆಂಪಿಯರ್

ಮನೆಯ 230 ವೋಲ್ಟಿನಲ್ಲಿ ಇದೇ 110 ವ್ಯಾಟಿಗೆ ಅರ್ಧ ಆಂಪಿಯರಿಗೂ ಕಡಿಮೆ ಪ್ರವಾಹ ಸಾಕು. ವೋಲ್ಟೇಜು ಕಡಿಮೆಯಾದಷ್ಟೂ ಪ್ರವಾಹ ಹೆಚ್ಚು; ಪ್ರವಾಹ ಹೆಚ್ಚಾದಷ್ಟೂ ತಂತಿ ದಪ್ಪವಾಗಿರಬೇಕು. ‘ಬರಿಯ 12 ವೋಲ್ಟು, ಏನಾದೀತು?’ ಎಂಬ ಉದಾಸೀನಕ್ಕೆ ಇದೇ ಉತ್ತರ. ಆ 12 ವೋಲ್ಟು ಮುಟ್ಟಿದವನಿಗೆ ಸಾಮಾನ್ಯವಾಗಿ ಆಘಾತ ಕೊಡುವುದಿಲ್ಲ, ನಿಜ. ಆದರೆ ಗಾಡಿಗೆ ಬೆಂಕಿಯನ್ನು ಹಚ್ಚಬಲ್ಲದು.

ಅದು ಹೇಗೆಂಬುದನ್ನು ನೋಡೋಣ. 1 ಮೀಟರ್ ಉದ್ದ, 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ರೋಧವು ಸುಮಾರು 0.0172 ಓಮ್. ಬ್ಯಾಟರಿಯಿಂದ ದೀಪದವರೆಗೆ 4 ಮೀಟರ್ ತಂತಿ ಬೇಕು. ಅಗ್ಗಕ್ಕೆ ದೊರೆಯಿತೆಂದು 0.5 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ:

ರೋಧ = 0.0172 × 4 ÷ 0.5 = 0.138 ಓಮ್
ನಷ್ಟವಾಗುವ ವೋಲ್ಟೇಜು = 9.2 × 0.138 = ಸುಮಾರು 1.3 ವೋಲ್ಟ್
ತಂತಿಯಲ್ಲಿ ಹುಟ್ಟುವ ಶಾಖ = 9.2 × 9.2 × 0.138 = ಸುಮಾರು 11.7 ವ್ಯಾಟ್

2.5 ಚದರ ಮಿಲಿಮೀಟರಿನ ತಂತಿಯಾದರೆ ರೋಧವು ಐದರಲ್ಲಿ ಒಂದು ಪಾಲಿಗೆ, ಎಂದರೆ 0.0275 ಓಮಿಗೆ ಇಳಿಯುತ್ತದೆ, ಶಾಖವೂ 2.3 ವ್ಯಾಟಿಗೆ ಇಳಿಯುತ್ತದೆ. ತೆಳುವಾದ ತಂತಿಯ ಶಾಖವು ಎಂಜಿನ್ನಿನ ಬಿಸಿಯೊಡನೆ ಸೇರಿ ಮೇಲ್ಪದರವನ್ನು ಮೆತ್ತಗಾಗಿಸುತ್ತದೆ. ಅಷ್ಟೇ ಅಲ್ಲ, ದೀಪಕ್ಕೆ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ, ಹ್ಯಾಲೊಜನ್ ದೀಪದ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಕುಗ್ಗುತ್ತದೆ. ದೀಪಕ್ಕೆ ಹಣ ಕೊಟ್ಟು, ತಂತಿಯಲ್ಲಿ ಉಳಿತಾಯ ಮಾಡಿ, ಕಡೆಗೆ ಬೆಳಕನ್ನೇ ಕಳೆದುಕೊಂಡಂತಾಯಿತು!

5. ಫ್ಯೂಸು ಮತ್ತು ರಿಲೇ

ಫ್ಯೂಸು ಇರುವುದು ದೀಪವನ್ನು ಕಾಪಾಡುವುದಕ್ಕೆಂದು ಅನೇಕರ ಭಾವನೆ. ಅದು ಕಾಪಾಡುವುದು ಮುಖ್ಯವಾಗಿ ತಂತಿಯನ್ನು. ತಂತಿಯು ಹೊರಲಾರದಷ್ಟು ಪ್ರವಾಹ ಹರಿದಾಗ ತಾನು ಮೊದಲು ಕರಗಿ ಮಂಡಲವನ್ನು ಕಡಿಯುವುದೇ ಅದರ ಧರ್ಮ. ನಮ್ಮ ಉದಾಹರಣೆಯಲ್ಲಿ ಹರಿಯುವ ಪ್ರವಾಹ 9.2 ಆಂಪಿಯರ್; ಫ್ಯೂಸು 15 ಆಂಪಿಯರಿನದು; ತಂತಿಯು ಅದಕ್ಕೂ ಹೆಚ್ಚನ್ನು ಹೊರುವಂತಹುದು. ಈ ಏರುಕ್ರಮವನ್ನು ಎಂದಿಗೂ ತಲೆಕೆಳಗು ಮಾಡಕೂಡದು. ಅಲಗಿನ ಆಕಾರದ ಸಾಮಾನ್ಯ ಫ್ಯೂಸುಗಳಿಗೆ ಬಣ್ಣದ ಗುರುತುಗಳಿವೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ನೀಲಿಯದು ಮತ್ತೆ ಮತ್ತೆ ಸುಡುತ್ತದೆಂದು ಹಸಿರನ್ನು ಹಾಕುವವನೂ, ಸಿಗರೇಟಿನ ಪೊಟ್ಟಣದ ಬೆಳ್ಳಿಕಾಗದವನ್ನು ಸುತ್ತಿ ಸೇರಿಸುವವನೂ ರೋಗವನ್ನು ಬಿಟ್ಟು ವೈದ್ಯನನ್ನು ಹೊರಗಟ್ಟಿದಂತೆ ಸರಿ. ಸುಡಲು ಫ್ಯೂಸಿಲ್ಲದಾಗ ಸುಡುವುದು ತಂತಿ.

ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಸಮೀಪದಲ್ಲಿಯೇ ಇಡಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರುವ ತಂತಿಯ ತುಂಡಿಗೆ ಯಾವ ರಕ್ಷಣೆಯೂ ಇಲ್ಲವೆಂಬುದೇ ಇದಕ್ಕೆ ಕಾರಣ.

ಇನ್ನು ರಿಲೇ. ಫಲಕದಲ್ಲಿರುವ ಚಿಕ್ಕ ಸ್ವಿಚ್ಚು 9 ಆಂಪಿಯರನ್ನು ಬಹುಕಾಲ ತಾಳಲಾರದು. ಆದುದರಿಂದ ಸ್ವಿಚ್ಚಿನಿಂದ ಒಂದು ಪುಟ್ಟ ವಿದ್ಯುತ್ಕಾಂತವನ್ನು ಮಾತ್ರ ನಡೆಸಿ, ಆ ಕಾಂತದ ಸೆಳೆತದಿಂದ ದೊಡ್ಡ ಪ್ರವಾಹದ ಬಾಗಿಲನ್ನು ತೆರೆಯುತ್ತಾರೆ. ಇದೇ ರಿಲೇ. ಅದರ ಸುರುಳಿಯ ರೋಧ 80 ಓಮ್ ಇದ್ದರೆ ಸ್ವಿಚ್ಚಿನಲ್ಲಿ ಹರಿಯುವುದು 12 ÷ 80 = 0.15 ಆಂಪಿಯರ್ ಮಾತ್ರ. ರಿಲೇಯ ಕಾಲುಗಳ ಮೇಲೆ ಸಾಮಾನ್ಯವಾಗಿ 30, 85, 86, 87 ಎಂಬ ಅಂಕಿಗಳಿರುತ್ತವೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬರುವ ತಂತಿ, 87ಕ್ಕೆ ದೀಪದ ತಂತಿ, 85 ಮತ್ತು 86 ಸುರುಳಿಯ ಎರಡು ತುದಿಗಳು.

6. ಕೆಲಸಕ್ಕೆ ತೊಡಗುವ ಮುನ್ನ

ಯಾವ ತಂತಿಯನ್ನು ಮುಟ್ಟುವ ಮೊದಲೂ ಬ್ಯಾಟರಿಯ ಋಣಧ್ರುವವನ್ನು ಮೊದಲು ಬಿಚ್ಚಬೇಕು. ಧನಧ್ರುವವನ್ನೇಕೆ ಮೊದಲು ಬಿಚ್ಚಬಾರದು? ಗಾಡಿಯ ಲೋಹದ ಮೈಯೆಲ್ಲವೂ ಋಣಧ್ರುವಕ್ಕೆ ಕೂಡಿಕೊಂಡಿದೆ. ಧನಧ್ರುವದ ನಟ್ಟನ್ನು ತಿರುಗಿಸುವಾಗ ಪಾನಾ ಜಾರಿ ಮೈಗೆ ತಗುಲಿದರೆ, ಪಾನಾದ ಮೂಲಕವೇ ಅಪಾರ ಪ್ರವಾಹ ಹರಿದು ಕಿಡಿ ಹಾರುತ್ತದೆ. ಋಣಧ್ರುವವನ್ನು ಮೊದಲು ಬಿಚ್ಚಿದ್ದರೆ ಮಂಡಲವೇ ಕಡಿದಿರುತ್ತದೆ. ಮರಳಿ ಜೋಡಿಸುವಾಗ ಇದೇ ಕಾರಣಕ್ಕೆ ಋಣಧ್ರುವವು ಕಡೆಯದು.

ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಬ್ಯಾಟರಿಯನ್ನು ಬಿಚ್ಚಿದ ಮೇಲೂ ಕೆಲವು ನಿಮಿಷ ಕಾಯಬೇಕು. ಅದರ ಯಂತ್ರದಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ. ಸಾಮಾನ್ಯವಾಗಿ ಅದರ ಕಪ್ಲರುಗಳು ಹಳದಿ ಬಣ್ಣದವು. ಆ ಹಳದಿಯನ್ನು ಕಂಡಲ್ಲಿ ಕೈ ಹಿಂದೆಗೆದು, ತರಬೇತಿ ಪಡೆದ ಮೆಕ್ಯಾನಿಕನಿಗೆ ಬಿಡುವುದೇ ವಿವೇಕ.

ಹೊಸ ಗಾಡಿಗಳಲ್ಲಿ ಇನ್ನೊಂದು ವಿಶೇಷವುಂಟು. 1986ರಲ್ಲಿ ಜರ್ಮನಿಯ ಬಾಷ್ ಕಂಪನಿಯು ಪ್ರಕಟಿಸಿದ ‘ಕ್ಯಾನ್’ ಎಂಬ ಸಂದೇಶ ಪದ್ಧತಿಯಿಂದ, ಗಾಡಿಯ ಬೇರೆ ಬೇರೆ ಯಂತ್ರಗಳು ಎರಡೇ ತಂತಿಗಳ ಮೇಲೆ ಪರಸ್ಪರ ಸಂದೇಶ ಕಳುಹಿಸುತ್ತವೆ. ಇಂತಹ ಗಾಡಿಯಲ್ಲಿ ಸ್ವಿಚ್ಚನ್ನು ಕೂಡಿಸಿದ ಮಾತ್ರಕ್ಕೆ ಸಾಲದು. ‘ಹೊಸ ಭಾಗ ಬಂದಿದೆ’ ಎಂಬುದನ್ನು ಗಾಡಿಯ ನಿಯಂತ್ರಕ ಯಂತ್ರಕ್ಕೆ ಸರ್ವಿಸ್ ಕೇಂದ್ರದ ಕಂಪ್ಯೂಟರಿನಿಂದ ತಿಳಿಸಬೇಕಾಗಬಹುದು. ಆ ಎರಡು ತಂತಿಗಳನ್ನು ಕತ್ತರಿಸಿ ದೀಪಕ್ಕೆ ವಿದ್ಯುತ್ತನ್ನು ಕದಿಯಲು ಹೋದರೆ ಗಾಡಿ ಪ್ರಾರಂಭವೇ ಆಗದಿರಬಹುದು.

7. ಕೊಳ್ಳುವ ಜಾಣತನ

ಮುಂಬಯಿಯಲ್ಲಿ ಕುರ್ಲಾದ ಸಿ.ಎಸ್.ಟಿ. ರಸ್ತೆ, ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಚೆನ್ನೈಯಲ್ಲಿ ಪುದುಪೇಟೆ ಇವು ಮೋಟಾರು ಬಿಡಿಭಾಗಗಳಿಗೆ ಹೆಸರಾದ ಸ್ಥಳಗಳು. ಹಳೆಯ ಗಾಡಿಯಿಂದ ಬಿಚ್ಚಿದ ಭಾಗವು ಹೊಸದಕ್ಕಿಂತ ಅಗ್ಗ. ಬಾಗಿಲಿನ ಹೊದಿಕೆ, ಸ್ವಿಚ್ಚು, ಕನ್ನಡಿ ಇವನ್ನು ಹೀಗೆ ಕೊಳ್ಳಬಹುದು. ಆದರೆ ಹೋಲಿಕೆಯನ್ನು ನಂಬದೆ ಭಾಗದ ಮೇಲೆ ಮುದ್ರಿಸಿರುವ ಸಂಖ್ಯೆಯನ್ನು ಹೋಲಿಸಬೇಕು. ನೋಟಕ್ಕೆ ಒಂದೇ ಆಗಿರುವ ಎರಡು ಸ್ವಿಚ್ಚುಗಳ ಒಳಗಿನ ಜೋಡಣೆ ಬೇರೆಯಾಗಿರಬಹುದು. ಏರ್‌ಬ್ಯಾಗನ್ನೂ ಸೀಟುಬೆಲ್ಟನ್ನೂ ಬ್ರೇಕಿನ ಭಾಗಗಳನ್ನೂ ಮಾತ್ರ ಹಳೆಯವನ್ನು ಕೊಳ್ಳಕೂಡದು. ಅಪಘಾತವನ್ನು ಕಂಡ ಬೆಲ್ಟು ಹೊರಗೆ ಸುಂದರವಾಗಿದ್ದರೂ ಬಲ ಕಳೆದುಕೊಂಡಿರಬಹುದು.

ಮೊದಲು ಏನನ್ನು ಸೇರಿಸಬೇಕು ಎಂಬುದೂ ಯೋಚಿಸತಕ್ಕ ವಿಷಯ. ಜೀವ ಕಾಯುವುದು ಮೊದಲು. ದುಡಿಮೆಗೆ ನೆರವಾಗುವುದು ಆಮೇಲೆ. ದೇಹಕ್ಕೆ ಸುಖ ಕೊಡುವುದು ಮೂರನೆಯದು. ಕಣ್ಣಿಗೆ ಅಂದವಾದುದು ಕಡೆಗೆ. ಸಾಲ ಮಾಡಿ ಗಾಡಿ ಕೊಂಡವನು ಈ ಕ್ರಮವನ್ನು ಮರೆಯಬಾರದು.

ಭಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಾಡಿಯ ಒಟ್ಟು ತೂಕದ ಮಿತಿ ನಿಶ್ಚಿತವಾದುದು. 60 ಕಿಲೋಗ್ರಾಂ ಉಕ್ಕಿನ ಅಲಂಕಾರವನ್ನು ಸೇರಿಸಿದರೆ ಪ್ರತಿ ಸಲವೂ 60 ಕಿಲೋಗ್ರಾಂ ಸರಕು ಕಡಿಮೆಯಾಗುತ್ತದೆ. ದಿನಕ್ಕೆ ಎರಡು ಸಲದಂತೆ ವರ್ಷಕ್ಕೆ 300 ದಿನ ದುಡಿದರೆ 60 × 2 × 300 = 36,000 ಕಿಲೋಗ್ರಾಂ, ಎಂದರೆ 36 ಟನ್ ಸರಕಿನ ಬಾಡಿಗೆಯನ್ನು ಆ ಅಲಂಕಾರವು ನುಂಗಿತು!

8. ಕಾನೂನಿನ ಮಾತು

1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿ ಬರೆದ ವಿವರಗಳು ತಯಾರಕನು ನಿಗದಿ ಮಾಡಿದ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಮುಂದಿನ ಉಕ್ಕಿನ ಕಂಬಿಗಳನ್ನು, ಎಂದರೆ ‘ಬುಲ್ ಬಾರ್’ಗಳನ್ನು, ತೆಗೆಸುವಂತೆ ಕೇಂದ್ರ ಸರಕಾರವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಸೂಚಿಸಿತು, ಪಾದಚಾರಿಗೆ ಅವು ಮಾರಕವಾಗುವುದೇ ಅಲ್ಲದೆ ಗಾಡಿಯೊಳಗಿನವರಿಗೂ ಅಪಾಯ ತರುತ್ತವೆ. ಕರ್ಕಶವಾದ ಬಹುಸ್ವರದ ಹಾರನ್ನುಗಳೂ ನಿಷಿದ್ಧ. ಕಾರಖಾನೆಯ ಬೆಲೆಯಲ್ಲಿ ಸೇರಿರದ ವಿದ್ಯುತ್ ಉಪಕರಣಗಳನ್ನು ಕೂಡಿಸಿದರೆ, ಅವುಗಳಿಗೆ ವಿಮೆಯ ರಕ್ಷಣೆ ಬೇಕಾದಲ್ಲಿ ವಿಮಾಪತ್ರದಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು.

ಪಿಕಪ್ ಗಾಡಿಯೆಂದರೆ ಎಷ್ಟೋ ಮನೆಗಳಿಗೆ ಹೊಲವಿದ್ದಂತೆ. ಅದು ನಿಂತರೆ ಒಲೆಯೂ ನಿಲ್ಲುತ್ತದೆ. ಕೆಲವು ರೂಪಾಯಿಗಳ ತಂತಿಯಲ್ಲಿ ಉಳಿಸಲು ಹೋಗಿ ಲಕ್ಷಾಂತರ ರೂಪಾಯಿಗಳ ಗಾಡಿಯನ್ನು ಬೆಂಕಿಗೆ ಒಡ್ಡುವುದು ಎಂತಹ ಉಳಿತಾಯ? ನೀವು ಈಗಲೇ ಪಾನಾ ಹಿಡಿಯಬೇಕಾಗಿಲ್ಲ. ಆದರೆ ಮನೆಯವರು ಹೊಸ ಭಾಗವನ್ನು ಹಾಕಿಸುವಾಗ ಪಕ್ಕದಲ್ಲಿ ನಿಂತು, ‘ಫ್ಯೂಸು ಎಷ್ಟು ಆಂಪಿಯರಿನದು? ತಂತಿ ಎಷ್ಟು ದಪ್ಪದ್ದು?’ ಎಂದು ವಿನಯದಿಂದ ಕೇಳಬಲ್ಲಿರಿ. ಶಾಲೆಯಲ್ಲಿ ಕಲಿತ ವಿದ್ಯೆ ಮನೆಯ ಅನ್ನವನ್ನು ಕಾಯುವುದು ಹೀಗೆಯೇ.

ಅಭ್ಯಾಸ

1. ತಲಾ 35 ವ್ಯಾಟಿನ ಎರಡು ದೀಪಗಳಿಗೆ 12 ವೋಲ್ಟಿನ ಬ್ಯಾಟರಿಯಿಂದ ಎಷ್ಟು ಪ್ರವಾಹ ಹರಿಯುತ್ತದೆ? ಕೆಂಪು ಫ್ಯೂಸು ಸಾಕೇ?
2. 1.5 ಚದರ ಮಿಲಿಮೀಟರ್ ದಪ್ಪದ, 4 ಮೀಟರ್ ಉದ್ದದ ತಾಮ್ರದ ತಂತಿಯ ರೋಧವನ್ನು ಕಂಡುಹಿಡಿಯಿರಿ.
3. ಬ್ಯಾಟರಿಯ ಋಣಧ್ರುವವನ್ನು ಮೊದಲು ಬಿಚ್ಚಬೇಕೇಕೆ? ಚಿತ್ರ ಬರೆದು ವಿವರಿಸಿರಿ.
4. ನಿಮಗೆ ಪರಿಚಿತವಾದ ಒಂದು ಗಾಡಿಯಲ್ಲಿ ಮುಚ್ಚಳ ಹಾಕಿದ ಜಾಗಗಳನ್ನು ಎಣಿಸಿ, ಮೇಲಿನ ದರ್ಜೆಯಲ್ಲಿ ಅಲ್ಲಿ ಏನಿರುತ್ತದೆಂಬುದನ್ನು ಚಾಲಕರಿಂದ ಕೇಳಿ ತಿಳಿದು, ಪಟ್ಟಿ ಮಾಡಿರಿ.